ಬ್ಯಾರನ್ ಬಾಡಿಗೆಗೆ ಇದೆ

ನನ್ನ ಜೊತೆ ಹನ್ನೊಂದು ವರ್ಷ ಒಂದೇ ಬಸ್ಸು ಓಡಿಸಿದ ಡ್ರೈವರ್ ಗೆಳೆಯ ಈಗ ನಿವೃತ್ತನಾಗಿ ಕೆ.ಆರ್. ನಗರದಲ್ಲಿದ್ದಾನೆ. ಮೊನ್ನೆ ಫೋನ್ ಮಾಡಿದ. "ಲೋ, ರಿಟೈರ್ ಆದ ದುಡ್ಡಲ್ಲಿ ಎಲ್ಡು ಪೋರ್ಷನ್ ಕಟ್ಟಿ ಬಾಡ್ಗೆಗೆ ಬುಡಣಾ ಅಂತಿವ್ನಿ ಕಣ್ಲಾ. ನೀನು ಓನರ್ ಆಗಿ ವರ್ಷಗಳಾಯ್ತಲ್ಲ, ಏನೇನ್ ನೋಡ್ಕಬೇಕು ವಸಿ ಯೋಳು" ಅಂದ.

ಕೇಳಿದ್ದೇ ತಡ, ನಾನು ಒಂದು ಗಂಟೆ ಉಪದೇಶ ಮಾಡಿದೆ. ಗೋಡೆಯನ್ನು ಬೇಸಿಗೆಯಲ್ಲಿ ನೋಡಬೇಡ, ಮಳೆಗಾಲದಲ್ಲಿ ನೋಡು. ಕರಾರು ಪತ್ರ ಬರೆಯದೆ ಬೀಗದ ಕೈ ಕೊಡಬೇಡ. ಮನೆ ನೋಡಲು ಬಂದವರ ಮುಖ ನೋಡಿ ತೀರ್ಮಾನ ಮಾಡಬೇಡ. ಇನ್ನೊಬ್ಬರಿಗೆ ಕೊಡುವ ಮೊದಲು ಆ ಮನೆಯಲ್ಲಿ ನೀನೇ ಒಂದು ವಾರ ಮಲಗಿ ಎದ್ದು ನೋಡು. ಅವನು ಬರೆದುಕೊಳ್ಳುತ್ತಿರುವ ಹಾಗೆ ಒಂದೊಂದಕ್ಕೂ ಹೂಂಗುಟ್ಟಿದ. ಫೋನಿಟ್ಟ ಮೇಲೆ ಸೊಪ್ಪು ಬಿಡಿಸುತ್ತ ಕೂತಿದ್ದ ನನ್ನ ಹೆಂಡತಿ ತಲೆ ಎತ್ತದೆ ಕೇಳಿದಳು: "ಇದ್ರಾಗೆ ನೀವು ಯಾವ್ದುನ್ನ ಮಾಡಿದ್ರಿ?"

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಒಂದನ್ನೂ ಮಾಡಿರಲಿಲ್ಲ. ಅದಕ್ಕೇ ನನಗೆ ಅಷ್ಟೂ ಚೆನ್ನಾಗಿ ಗೊತ್ತು.

ನಮ್ಮೂರು ಗಾವಡಗೆರೆಗೆ ಒಂದು ಕೂಗಳತೆ. ಅಪ್ಪ ತೀರಿಕೊಂಡ ಮೇಲೆ ಪಾಲಾದಾಗ ಅಣ್ಣತಮ್ಮಂದಿರು ಹೊಲ ಹಂಚಿಕೊಂಡರು. ಮನೆಯ ಜೊತೆಗೆ ಹೊಗೆಸೊಪ್ಪು ಬೇಯಿಸುತ್ತಿದ್ದ ಬ್ಯಾರನ್ ಕೂಡ ನನ್ನ ಪಾಲಿಗೆ ಬಂತು. ನೋಡದವರಿಗೆ ಹೇಳುತ್ತೇನೆ: ಬ್ಯಾರನ್ ಎಂದರೆ ಎರಡಾಳೆತ್ತರಕ್ಕೂ ಮಿಕ್ಕಿದ, ಕಿಟಕಿಯೇ ಇಲ್ಲದ ಇಟ್ಟಿಗೆ ಗೂಡು. ಆಚೆ ಕಡೆಯಿಂದ ಸೌದೆ ಉರಿಸಿ, ಒಳಗೆ ಕಡ್ಡಿಗೆ ಕಟ್ಟಿ ತೂಗುಹಾಕಿದ ಹಸಿ ಎಲೆಯನ್ನು ಸುಮಾರು ಒಂದು ವಾರ ಬಿಸಿಗೆ ಬಾಡಿಸಿ ಹಳದಿ ಮಾಡುತ್ತಾರೆ. ನಮ್ಮದರಲ್ಲಿ ಅಪ್ಪ ಬದುಕಿದ್ದಷ್ಟು ಕಾಲವೂ ಸೊಪ್ಪು ಬೆಂದಿತ್ತು. ಆಮೇಲೆ ಬಾಗಿಲು ಹಾಕಿ ಬಿದ್ದಿತ್ತು.

ಮೂವತ್ತು ವರ್ಷ ನಾನು ತುಂಬಿದ ಬಸ್ಸಿನಲ್ಲಿ ನಿಂತು "ಒಳಕ್ಕೆ ಹೋಗಿ, ಇನ್ನೂ ಜಾಗ ಇದೆ" ಎಂದು ಕೂಗಿದ ಕಂಡಕ್ಟರ್. ಎಲ್ಲಿ ನೋಡಿದರೂ ಜಾಗ ಕಾಣುವುದು ನನ್ನ ರೋಗ. ನಿವೃತ್ತನಾದ ವಾರವೇ ಬ್ಯಾರನ್ನಿನೊಳಗೆ ನಿಂತು ತಲೆ ಎತ್ತಿ ನೋಡಿದೆ. ನಡುವೆ ಒಂದು ತಾರಸಿ ಹಾಕಿದರೆ ಕೆಳಗೊಂದು ಮನೆ, ಮೇಲೊಂದು ಮನೆ! ಗಾವಡಗೆರೆಯ ಆಸ್ಪತ್ರೆ, ಶಾಲೆ, ಬ್ಯಾಂಕಿಗೆ ಬರುವ ನೌಕರರೆಲ್ಲ ಹುಣಸೂರಿನಿಂದ ದಿನಾ ಬಸ್ಸಿಗೆ ನೇತುಬೀಳುತ್ತಾರೆ, ಅವರಿಗೆಲ್ಲ ಟಿಕೆಟ್ ಹರಿದವನೇ ನಾನು. ಗಿರಾಕಿಗಳಿಗೇನು ಬರ?

ಕಂಪಲಾಪುರದಿಂದ ಕರೆಸಿದ ಗಾರೆ ಕೆಲಸದವನು ಗೋಡೆಗೆ ಮೂಗು ಹಚ್ಚಿ ಮೂಸಿ, "ಅಣ್ಣ, ಇದು ಬ್ಯಾರನ್ ಕಣಣ್ಣ. ಇಟ್ಗೆ ಒಳಿಕ್ಕೇ ಸೊಪ್ಪು ಇಳ್ದೈತೆ. ಕೆಡವಿ ಕಟ್ಸು, ಇಲ್ದಿದ್ರೆ ಕುರಿ ಕೂಡು. ಮನುಷ್ಯರನ್ನ ಮಾತ್ರ ತುಂಬ್ಬೇಡ" ಅಂದ. ನಿಂತ ನಿಲುವಿನಲ್ಲೇ ನನಗೆ ಸಿಟ್ಟು ಬಂತು. ಬುದ್ಧಿ ಹೇಳಿದವರ ಮೇಲೆ ಸಿಟ್ಟು ಮಾಡುವುದು ನಮ್ಮ ಮನೆತನದ ಗುಣ. ಅವನಿಂದಲೇ ಕಿಟಕಿ ಕೊರೆಸಿದೆ, ತಾರಸಿ ಹಾಕಿಸಿದೆ, ಬಿಳಿ ಬಣ್ಣ ಹೊಡೆಸಿದೆ. ಯುಗಾದಿಗೆ ಮುಗಿಯಿತು. ಬಿಸಿಲಿನಲ್ಲಿ ಆ ಮನೆ ಎಷ್ಟು ಚೆನ್ನಾಗಿ ಕಂಡಿತೆಂದರೆ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೊದಲು ಬಂದವರು ಬ್ಯಾಂಕಿನ ಗುಮಾಸ್ತರು. ಬೀಡಿ ಸಿಗರೇಟು ಮುಟ್ಟದ ಸಭ್ಯ ಮನುಷ್ಯ, ಹೆಂಡತಿ ಮೈಸೂರಿನಲ್ಲಿ. ಮುಂಗಾರು ಹಿಡಿದು ಒಂದು ವಾರವಾಗಿರಬೇಕು, ಗೋಡೆ ಬೆವರತೊಡಗಿತು. ಬಿಳಿ ಬಣ್ಣದ ಮೇಲೆ ಕಂದು ನೀರು ಇಳಿಯಿತು. ಮನೆಯೆಲ್ಲ ಹೊಗೆಸೊಪ್ಪಿನ ಘಾಟು. ಗುಮಾಸ್ತರು ತೋರಿಸಿದಾಗ, "ಹೊಸ ಬಣ್ಣ ಸಾರ್, ಹಂಗೇ ಇರ್ತದೆ, ಆಮೇಲೆ ಕೆನೆ ಬಣ್ಣಕ್ಕೆ ಕೂತ್ಕೊಳ್ತದೆ" ಎಂದೆ. ಶನಿವಾರ ಊರಿಗೆ ಹೋದ ಅವರ ಅಂಗಿಯನ್ನು ಹೆಂಡತಿ ಮೂಸಿ ನೋಡಿದರಂತೆ. ಸೋಮವಾರ ಇಬ್ಬರೂ ಒಟ್ಟಿಗೆ ಬಂದರು. ಆಕೆಗೆ ಗಂಡ ಕದ್ದು ಸೇದುತ್ತಿಲ್ಲ ಎಂದು ನಂಬಿಸಲು ನಾನು ಗೋಡೆಯನ್ನೇ ಮೂಸಲು ಹೇಳಬೇಕಾಯಿತು. ಸಂಸಾರವೇನೋ ಉಳಿಯಿತು, ಬಾಡಿಗೆ ಹೋಯಿತು.

ಅವರ ನಂತರ ಬಂದ ಶಾಲೆಯ ಮೇಡಂ ಒಂದು ತಿಂಗಳು ಸೀನಿದರು. ನಿಮಗೆ ಶೀತದ ಮೈ ಎಂದು ನಾನು ಹೇಳುತ್ತ ಬಂದೆ. ಅವರೂ ಹೋದ ಮೇಲೆ ಬ್ಯಾರನ್ ಮನೆ ಖಾಲಿ ಬಿತ್ತು. ಮತ್ತೆ ಎರಡು ಸಲ ಬಣ್ಣ ಹೊಡೆಸಿದೆ. ಊರಿನವರಿಗೆ ಅದೊಂದು ತಮಾಷೆ. "ಓನರ್ ಸಾಹೇಬ್ರು ಈ ಸಲ ಎಂಥ ಬಣ್ಣ ಒಡಿತಾವ್ರೆ?" ಎಂದು ಕೇಳದೆ ಯಾರೂ ಮುಂದೆ ಹೋಗುತ್ತಿರಲಿಲ್ಲ.

ಮರುವರ್ಷದ ಬೇಸಿಗೆಯ ಹೊತ್ತಿಗೆ ನಮ್ಮ ಸ್ವಂತ ಮನೆಯ ಬೀದಿ ಬದಿಯ ಎರಡು ಕೋಣೆಗಳೂ ಖಾಲಿಯಾದವು. ಅಲ್ಲಿದ್ದ ಹಾಲಿನ ಡೇರಿ ಬೇರೆ ಕಟ್ಟಡಕ್ಕೆ ಹೋಗಿತ್ತು. ಅದಕ್ಕೆ ಬೇರೆಯೇ ಬಾಗಿಲು, ಪೂರ್ವಕ್ಕೆ ಎರಡು ಕಿಟಕಿ, ಒಳ್ಳೆ ಗಾಳಿ ಬೆಳಕು. ಬಾಗಿಲಿಗೆ 'ಮನೆ ಬಾಡಿಗೆಗೆ ಇದೆ' ಎಂದು ಒಂದು ರಟ್ಟು ನೇತುಹಾಕಿದೆ.

ಆ ರಟ್ಟು ನೋಡಿಕೊಂಡೇ ಆಕೆ ಬಂದಳು. ಗಾವಡಗೆರೆಯ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸು. ವಯಸ್ಸು ಇಪ್ಪತ್ತೈದರ ಸುಮಾರು, ಹೆಗಲಿಗೊಂದು ಚೀಲ, ಮಾತು ಸ್ಪಷ್ಟ. ತಾಯಿ ಮಗಳು ಇಬ್ಬರೇ ಇರುವುದಾಗಿಯೂ, ರಾತ್ರಿ ಪಾಳಿ ಇರುವುದರಿಂದ ನಡೆದು ಹೋಗುವಷ್ಟು ಹತ್ತಿರದಲ್ಲೇ ಮನೆ ಬೇಕೆಂದೂ ಹೇಳಿದಳು.

"ಯಾವ ಕಡೆಯವ್ರಮ್ಮ?" ಎಂದೆ. ಮನೆ ಕೇಳಲು ಬಂದವರನ್ನು ನಾವೆಲ್ಲ ಮೊದಲು ಕೇಳುವುದು ಅದನ್ನೇ.

"ಕಾಕನಕೋಟೆ ಕಡೆ ಸರ್."

"ಅಲ್ಲಿ ಯಾವೂರು?"

ಆಕೆ ನನ್ನ ಮುಖ ನೋಡಿದಳು. ಈ ಪ್ರಶ್ನೆಯನ್ನು ಆ ದಿನ ಎಷ್ಟನೆಯ ಸಲ ಕೇಳಿಸಿಕೊಂಡಿದ್ದಳೋ. "ಊರಲ್ಲ ಸರ್, ಹಾಡಿ. ಕಾಡಿನ ಪಕ್ಕ" ಎಂದಳು.

ನಾನು ಕೆಟ್ಟವನಲ್ಲ. ಹೀಗೆಂದು ನನಗೆ ಆಗ ಗಟ್ಟಿಯಾಗಿ ಅನ್ನಿಸುತ್ತಿತ್ತು. ನನ್ನ ಬಸ್ಸಿನಲ್ಲಿ ಹಾಡಿಯ ಆದಿವಾಸಿಗಳನ್ನು ಸೀಟಿನಿಂದ ಎಬ್ಬಿಸಿದವರ ಮೇಲೆ ಜಗಳ ಕಾಯ್ದವನು ನಾನು. ಆದರೆ ಬಸ್ಸು ಸರ್ಕಾರದ್ದು, ಮನೆ ನನ್ನದು. ನಮ್ಮ ಅಡುಗೆಮನೆಗೂ ಆ ಕೋಣೆಗಳಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಎದುರು ಮನೆಯ ನಿವೃತ್ತ ಮೇಷ್ಟ್ರು ಏನೆಂದಾರು, ಹಬ್ಬಕ್ಕೆ ಬರುವ ನೆಂಟರು ಏನೆಂದಾರು, ಎಲ್ಲವೂ ಒಂದೇ ಉಸಿರಿಗೆ ತಲೆಯಲ್ಲಿ ಹಾದುಹೋಯಿತು. "ಇದು ಆಗ್ಲೇ ಮಾತಾಗೋಯ್ತಮ್ಮ. ಪಿರಿಯಾಪಟ್ಟಣದವರು ಬತ್ತಾರೆ. ಹಿಂದೆ ಇನ್ನೊಂದು ಮನೆ ಅದೆ, ಬಾ ತೋರಿಸ್ತೀನಿ" ಎಂದೆ. ತುಂಬಿದ ಬಸ್ಸಿಗೂ ಜಾಗ ಇದೆ ಎನ್ನುತ್ತಿದ್ದವನು ಖಾಲಿ ಮನೆಗೆ ಜಾಗ ಇಲ್ಲ ಎಂದದ್ದು ಅದೇ ಮೊದಲು.

ನನ್ನ ಹೆಂಡತಿ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಾನು ವಾಪಸ್ಸು ಬಂದು ರಟ್ಟು ಬಿಚ್ಚಿ ಅಕ್ಕಿ ಡ್ರಮ್ಮಿನ ಹಿಂದೆ ಬಚ್ಚಿಡುವಾಗ, "ಪಿರಿಯಾಪಟ್ಟಣದವ್ರು ಯಾರು?" ಎಂದು ಕೇಳಿದಳು.

ಬಿಸಿಲಿನಲ್ಲಿ ಬ್ಯಾರನ್ ಮನೆ ಮತ್ತೆ ಚೆನ್ನಾಗಿಯೇ ಕಾಣುತ್ತಿತ್ತು. ನರ್ಸು ಒಪ್ಪಿಕೊಂಡಳು. ಆ ದಿನ ನಮ್ಮೂರಲ್ಲಿ ಏಳು ಮನೆ ಕೇಳಿ ಬಂದಿದ್ದಳೆಂದು ಆಮೇಲೆ ತಿಳಿಯಿತು. ಮಾರನೆಯ ವಾರ ತಾಯಿಯನ್ನು ಕರೆದುಕೊಂಡು ಬಂದಳು. ಆ ಹೆಂಗಸು ಬಾಗಿಲಲ್ಲಿ ನಿಂತು ಮೇಲೆ ಕೆಳಗೆ ನೋಡಿ, ನಗುತ್ತ, "ಇದು ಬ್ಯಾರನ್ ಅಲ್ವಾ ಬುದ್ಧಿ?" ಎಂದರು. ಮೂರು ಸಲ ಬಣ್ಣ ಹೊಡೆಸಿದ ನನ್ನ ಮುಖ ನೋಡಬೇಕಿತ್ತು.

ಇನ್ನು ಊರಿನ ಕಥೆ. ಮೇಷ್ಟ್ರು ಬೀದಿಯಲ್ಲಿ ನಿಲ್ಲಿಸಿ, "ಯಾರೂ ಕೊಡದ್ದನ್ನ ನೀನು ಕೊಟ್ಟೆ ಕಣಯ್ಯ. ದೊಡ್ಡ ಮನಸ್ಸು ನಿಂದು. ಊರಿಗೇ ಒಂದು ಪಾಠ" ಎಂದರು. ಅರಳಿಕಟ್ಟೆಯಲ್ಲೂ ಅದೇ ಮಾತು. ಯಾರೂ ಬರದ ಮನೆಗೆ ಬಾಡಿಗೆ ಸಿಕ್ಕಿದ ಸಂತೋಷದಲ್ಲಿದ್ದವನು ಈಗ ಸಮಾಜ ಸುಧಾರಕನಾದೆ. ಬೇಡ ಎನ್ನಲಿಲ್ಲ. "ಎಲ್ಲರೂ ಮನುಷ್ಯರೇ ತಾನೇ ಮೇಷ್ಟ್ರೇ" ಎಂದು ನಾನೂ ಎರಡು ಮಾತು ಸೇರಿಸಿದೆ. ಹೆಂಡತಿ ಒಳಗೆ ಪಾತ್ರೆಯನ್ನು ಅಗತ್ಯಕ್ಕಿಂತ ಜೋರಾಗಿ ಕೆಳಗಿಟ್ಟಳು.

ಆಷಾಢ ಬಂತು, ಮಳೆ ಬಂತು, ಗೋಡೆ ಬೆವರಿತು. ನರ್ಸಿನ ತಾಯಿ ದಿನಾ ಬೆಳಿಗ್ಗೆ ನಮ್ಮ ಮನೆಯ ಮುಂದಿನಿಂದ ಹೋಗಿ ಅಂಗಡಿಯಿಂದ ಹಾಲು ತರುತ್ತಿದ್ದರು. ಸ್ವಲ್ಪ ಕೆಮ್ಮುತ್ತಿದ್ದರು. ಮುಚ್ಚಿದ ಬಾಗಿಲು ನೋಡಿ, "ಬತ್ತೀವಿ ಅಂದೋರು ಇನ್ನೂ ಬರ್ನೇ ಇಲ್ವಲ್ಲ ಬುದ್ಧಿ?" ಎಂದು ಕೇಳುತ್ತಿದ್ದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದರು, ಅದೇ ನನಗೆ ತಡೆಯಲಾಗುತ್ತಿರಲಿಲ್ಲ.

"ಆಷಾಢ ಅಲ್ವಾ? ಆಷಾಢದಲ್ಲಿ ಯಾರು ಮನೆ ಬದಲಾಯಿಸ್ತಾರೆ? ಶ್ರಾವಣ ಬರ್ಲಿ ಅಂದವ್ರೆ" ಎಂದೆ. ಆಷಾಢಕ್ಕೆ ನಾನು ಅಷ್ಟು ಕೃತಜ್ಞನಾಗಿದ್ದದ್ದು ಇನ್ನೆಂದೂ ಇಲ್ಲ. ಹೊಸ ಮದುಮಗಳನ್ನು ತವರಿಗೆ ಕಳಿಸುವ ತಿಂಗಳು ನನ್ನ ಸುಳ್ಳಿಗೂ ಒಂದು ತಿಂಗಳ ತವರು ಕೊಟ್ಟಿತು.

ಆದರೆ ಸುಳ್ಳು ಸುಮ್ಮನೆ ಕೂರುವುದಿಲ್ಲ. ದಿನಾ ಕೇಳಿದರೆ ದಿನಾ ಏನಾದರೂ ಹೇಳಬೇಕಲ್ಲ. ಪಿರಿಯಾಪಟ್ಟಣದವನಿಗೆ ಒಂದು ಕೆಲಸ ಕೊಟ್ಟೆ, ಹೆಂಡತಿ ಕೊಟ್ಟೆ, ಒಂದು ಹೆಣ್ಣುಮಗು ಕೊಟ್ಟೆ. ಇರುವ ಬಾಡಿಗೆದಾರರಿಗೆ ಒಂದು ಕೊಳಾಯಿ ಸರಿಮಾಡಿಸಿಕೊಡದವನು ಇಲ್ಲದ ಬಾಡಿಗೆದಾರನಿಗೆ ಸಂಸಾರವನ್ನೇ ಕಟ್ಟಿಕೊಟ್ಟೆ. ಒಂದು ದಿನ ಬಾಯಿಗೆ ಬಂದ ಹಾಗೆ, "ಮಗೀಗೆ ಕೆಮ್ಮಂತೆ, ಅದ್ಕೇ ತಡ" ಎಂದುಬಿಟ್ಟೆ.

ಮಾರನೆಯ ಬೆಳಿಗ್ಗೆ ಆಕೆ ಸೆರಗಿನಿಂದ ಒಂದು ಕಟ್ಟು ಆಡುಸೋಗೆ ಸೊಪ್ಪು ತೆಗೆದು ಜಗಲಿಯ ಮೇಲಿಟ್ಟರು. "ನಂಗೆ ಅಂತ ಹಾಡಿಯಿಂದ ತರ್ಸಿದ್ದೆ ಬುದ್ಧಿ. ಅರ್ಧ ಆ ಮಗೀಗೆ ಕೊಡಿ. ಕಷಾಯ ಮಾಡಿ ಕುಡ್ಸೋಕ್ ಹೇಳಿ, ಎಂಥ ಕೆಮ್ಮಿದ್ರೂ ಓಗ್ತದೆ." ಹೇಳಿ ಮುಗಿಸುವಷ್ಟರಲ್ಲಿ ಅವರಿಗೇ ಕೆಮ್ಮು ಬಂತು, ಕಂಬ ಹಿಡಿದು ನಿಂತರು.

ಆ ಸೊಪ್ಪು ಹಿಡಿದುಕೊಂಡು ಒಳಗೆ ಬಂದೆ. ಹೆಂಡತಿ ನೋಡಿ, "ಒಂಟೋಗಿ, ಪಿರಿಯಾಪಟ್ಟಣದ ಬಸ್ ಇನ್ನೇನ್ ಬತ್ತದೆ. ಮಗೀಗೆ ಕುಡಿಸ್ಬುಟ್ಟು ಬನ್ನಿ" ಎಂದಳು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಅವಳ ಮೇಲೆಯೇ ರೇಗಾಡಿದೆ.

ಎರಡು ದಿನ ಬಿಟ್ಟು ನರ್ಸೇ ಬಂದಳು. ಡ್ಯೂಟಿ ಮುಗಿಸಿ ಬಂದಿದ್ದಳು, ಕೂರು ಎಂದರೂ ಕೂರಲಿಲ್ಲ. "ಸರ್, ಅವ್ವನಿಗೆ ಆ ಘಾಟಿಗೆ ಉಸಿರು ಕಟ್ತಿದೆ. ಔಷಧಿ ಕೊಡ್ತಿದೀನಿ, ಆದ್ರೆ ಗೋಡೆಗೆ ಔಷಧಿ ಕೊಡೋಕಾಗಲ್ವಲ್ಲ. ಈ ಮುಂದಿನ ಮನೆ ನಮಗೆ ಕೊಡೋಕಾಗುತ್ತಾ? ಇಲ್ಲಾಂದ್ರೆ ಕೆಲಸ ಬಿಟ್ಟು ಅವ್ವನ್ನ ಕರ್ಕೊಂಡು ವಾಪಸ್ ಹೋಗ್ಬೇಕು. ಹಾಡೀಲಿ ಅವಳನ್ನ ನೋಡ್ಕೊಳ್ಳೋರು ಬೇರೆ ಯಾರೂ ಇಲ್ಲ."

ಅವಳ ಹಾಡಿಯಿಂದ ನರ್ಸಿಂಗ್ ಓದಿ ಕೆಲಸಕ್ಕೆ ಸೇರಿದ ಮೊದಲ ಹುಡುಗಿ ಅವಳು. ಅದು ನನಗೆ ಗೊತ್ತಿತ್ತು, ಮೇಷ್ಟ್ರ ಮುಂದೆ ನಾನೇ ಜಂಬದಿಂದ ಹೇಳಿಕೊಂಡಿದ್ದೆ. ಆದರೂ ನನ್ನ ಬಾಯಿಂದ ಬಂದದ್ದು, "ಆಷಾಢ ಕಳೀಲಿ ತಡಿಯಮ್ಮ, ಆಷಾಢದಲ್ಲಿ ಮನೆ ಬದಲಾಯಿಸ್ಬಾರದು."

"ನಮ್ಮಲ್ಲಿ ಅದಿಲ್ಲ ಸರ್."

"ನಮ್ಮಲ್ಲಿ ಅದೆಯಲ್ಲಮ್ಮ."

ಆಕೆ ತಲೆಯಾಡಿಸಿ ಹೋದಳು. ನಾನು ಗೆದ್ದವನ ಹಾಗೆ ಒಳಗೆ ಬಂದು ಕೂತೆ.

ಮರುದಿನ ಬೆಳಿಗ್ಗೆ ತಾಯಿ ಹಾಲಿಗೆ ಬರಲಿಲ್ಲ. ಇವತ್ತು ಪ್ರಶ್ನೆಯಿಂದ ತಪ್ಪಿಸಿಕೊಂಡೆನೆಂದು ಮೊದಲು ಸಮಾಧಾನವೇ ಆಯಿತು, ನಿಜ ಹೇಳಬೇಕಲ್ಲ. ಒಂಬತ್ತು ಗಂಟೆಯಾದರೂ ಕಾಣದಿದ್ದಾಗ ಕೊಡೆ ಹಿಡಿದು ಹಿಂದಕ್ಕೆ ಹೋದೆ. ಬ್ಯಾರನ್ನಿನ ಪಕ್ಕಕ್ಕೆ, ಮೊದಲೆಲ್ಲ ಆಳುಗಳು ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದ ತಗಡಿನ ಚಪ್ಪರ ಇನ್ನೂ ಇದೆ. ಅದರ ಕೆಳಗೆ ಗೋಣಿಚೀಲ ಹಾಸಿ, ಕಂಬಳಿ ಹೊದ್ದು ಆಕೆ ಕೂತಿದ್ದರು. ಇರಚಲು ಕಾಲಿಗೆ ಹೊಡೆಯುತ್ತಿತ್ತು.

"ಇಲ್ಲ್ಯಾಕೆ ಕೂತಿದ್ದೀಯಮ್ಮ, ಮಳೇಲಿ?"

"ಒಳಗೆ ಮಲಗೋಕಾಗ್ನಿಲ್ಲ ಬುದ್ಧಿ. ಇಲ್ಲಿ ಗಾಳಿ ಚೆಂದಾಗದೆ. ನಾಕು ದಿನ ಆಯ್ತು, ಇಲ್ಲೇ ಮಲಗ್ತಿವ್ನಿ." ಸ್ವಲ್ಪ ಉಸಿರು ತೆಗೆದುಕೊಂಡು ಮುಂದುವರಿಸಿದರು. "ನಂಗೇನ್ ಹೊಸ್ದಲ್ಲ ಬುದ್ಧಿ. ನಿಮ್ಮಪ್ಪಾರ ಕಾಲ್ದಲ್ಲಿ ಸೊಪ್ಪು ಕಟ್ಟೋಕೆ ಟೆಂಪೋದಲ್ಲಿ ಬತ್ತಿದ್ವಲ್ಲ, ಆಗ್ಲೂ ಇಲ್ಲೇ ಮಲಗ್ತಿದ್ದಿದ್ದು. ಇವ್ಳು ಆಗ ಒಟ್ಟೇಲಿದ್ಲು."

ದೂರಲಿಲ್ಲ, ಅಳಲಿಲ್ಲ. ಹಳೆಯ ಪರಿಚಯ ಹೇಳುವ ಹಾಗೆ ಹೇಳಿದರು. ಆಗ ಕೂಲಿ ಕೊಡುತ್ತಿದ್ದೆವು, ಮಲಗಲು ಈ ಚಪ್ಪರ. ಈಗ ಅವರಿಂದ ಬಾಡಿಗೆ ತೆಗೆದುಕೊಂಡೂ ಅದೇ ಚಪ್ಪರ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಇಷ್ಟು ದಿನ ನನ್ನ ಪೆದ್ದುತನಕ್ಕೆ ನಾನೇ ನಗುತ್ತಿದ್ದೆ, ಅವತ್ತು ನಗು ಬರಲಿಲ್ಲ. ಬೀಗದ ಕೈ ತರಲು ಮನೆಗೆ ಬಂದರೆ ಹೆಂಡತಿ ಆಗಲೇ ಮುಂದಿನ ಕೋಣೆಗಳ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದಳು.

ಸಂಜೆ ನರ್ಸು ಮನೆ ನೋಡಲು ಬಂದಳು. ಈ ಸಲ ನಾನು ನೋಡಬೇಕಾಗಿದ್ದ ರೀತಿಯಲ್ಲಿ ಅವಳು ನೋಡಿದಳು. ಗೋಡೆಗೆ ಅಂಗೈ ಇಟ್ಟಳು, ಮೂಲೆ ಮೂಸಿದಳು, ಕಿಟಕಿ ತೆಗೆದು ಹಾಕಿದಳು, ನಲ್ಲಿ ತಿರುಗಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಪಿರಿಯಾಪಟ್ಟಣದವರು ಬಂದ್ರೆ ಏನ್ ಹೇಳ್ತೀರಾ ಸರ್?" ಎಂದಳು.

"ಅವ್ರು ಬರಲ್ಲಮ್ಮ."

"ಗೊತ್ತಿತ್ತು ಸರ್. ಅವ್ವನಿಗೆ ಹೇಳಿರಲಿಲ್ಲ" ಎಂದಳು. ಕರಾರು ಪತ್ರ ಬೇಕೆಂದಳು. ನಾನು ಹುಣಸೂರಿಗೆ ಹೋಗಿ ಬರೆಸಿ ತಂದದ್ದನ್ನು ಪೂರ್ತಿ ಓದಿ, ಇನ್ನೊಂದು ಸಾಲು ಸೇರಿಸಬೇಕೆಂದಳು: ಅಕ್ಕಪಕ್ಕದವರು ಹೇಳಿದರೆಂದು ಖಾಲಿ ಮಾಡಿಸುವ ಹಾಗಿಲ್ಲ. ಆ ಸಾಲನ್ನು ನನ್ನ ಕೈಯಿಂದಲೇ ಬರೆದೆ. ಓನರ್ ಆಗಿ ನಾನು ಸಹಿ ಹಾಕಿದ ಮೊದಲ ಕರಾರು ಅದು.

ಸಾಲು ಸೇರಿಸಿದ್ದು ಒಳ್ಳೆಯದೇ ಆಯಿತು. ಬ್ಯಾರನ್ ಕೊಟ್ಟಾಗ ದೊಡ್ಡ ಮನಸ್ಸಿನವನಾಗಿದ್ದ ನಾನು ಮುಂದಿನ ಮನೆ ಕೊಟ್ಟ ದಿನವೇ ತಲೆಕೆಟ್ಟವನಾದೆ. ಮೇಷ್ಟ್ರು ಸಂಜೆ ಕಾಫಿಗೆ ಬರುವುದನ್ನು ನಿಲ್ಲಿಸಿದರು. "ಹಿಂದೆ ಇದ್ರಲ್ಲ, ಏನ್ ತೊಂದ್ರೆ ಆಗಿತ್ತು?" ಎಂದು ಒಬ್ಬರಲ್ಲ, ನಾಲ್ಕು ಜನ ಕೇಳಿದರು. ಪಾಠ ಎಲ್ಲಿಯವರೆಗೆ ಚೆನ್ನಾಗಿರುತ್ತದೆ ಎಂಬುದು ನನಗೆ ಆಗ ಅರ್ಥವಾಯಿತು, ಏಕೆಂದರೆ ಒಂದು ವಾರದ ಹಿಂದೆ ನಾನೂ ಅವರ ಜೊತೆಗೇ ಇದ್ದೆ.

ಶ್ರಾವಣಕ್ಕೆ ಕಾಯಲಿಲ್ಲ. ಆಷಾಢದ ಒಂದು ಗುರುವಾರ ಬೆಳಿಗ್ಗೆ ತಾಯಿ ಮಗಳು ಹಾಲು ಉಕ್ಕಿಸಿದರು. ಸಾಮಾನೆಲ್ಲ ಒಳಗೆ ಹೋದ ಮೇಲೂ ತಾಯಿ ಹೊಸ್ತಿಲ ಆಚೆಯೇ ನಿಂತು, "ಒಳಿಕ್ಕೆ ಬರ್ಲಾ ಬುದ್ಧಿ?" ಎಂದು ನನ್ನನ್ನು ಕೇಳಿದರು. ಒಳಗಿನಿಂದ ಮಗಳು, "ಅವರನ್ನೇನ್ ಕೇಳ್ತೀಯವ್ವ? ನಮ್ಮನೆ ಇದು, ಬಾ" ಎಂದಳು. ಆಮೇಲೆ ನನಗೂ ನನ್ನ ಹೆಂಡತಿಗೂ, "ನೀವೂ ಬನ್ನಿ ಸರ್, ಬನ್ನಿ ಆಂಟಿ" ಎಂದಳು. ನಾನು ಹುಟ್ಟಿ ಬೆಳೆದ ಮನೆಯ ಎರಡು ಕೋಣೆಗಳಿಗೆ ಅತಿಥಿಯಾಗಿ, ಚಪ್ಪಲಿ ಆಚೆ ಬಿಟ್ಟು ಹೋದೆ.

ಚಾಪೆಯ ಮೇಲೆ ಕೂರಿಸಿದರು. ತಾಯಿ ಉಕ್ಕಿಸಿದ ಹಾಲಿಗೆ ಸಕ್ಕರೆ ಹಾಕಿ, ಎರಡು ಸ್ಟೀಲ್ ಲೋಟದಲ್ಲಿ ತಂದುಕೊಟ್ಟರು. ಹೆಂಡತಿ ಕುಡಿದು, ಚೆನ್ನಾಗಿದೆ ಎಂದಳು. ನಾನೂ ಲೋಟ ಎತ್ತಿದೆ. ತುಟಿಯ ಹತ್ತಿರ ಬಂದಾಗ ಕೈ ತಡೆಯಿತು. ನಾನು ತಡೆದದ್ದಲ್ಲ, ಅದಾಗಿಯೇ ನಿಂತಿತು. ಅರವತ್ತು ವರ್ಷದಿಂದ ಯಾರ ಮನೆಯಲ್ಲಿ ಏನು ಮುಟ್ಟಬೇಕು, ಏನು ಮುಟ್ಟಬಾರದು ಎಂದು ಕಲಿತ ಕೈ. ಒಂದು ಕ್ಷಣ ಅಷ್ಟೇ, ಆದರೆ ತಾಯಿ ನೋಡಿಬಿಟ್ಟರು.

"ಬಿಸಿ ಅದೆ ಬುದ್ಧಿ" ಎಂದರು ತಕ್ಷಣ, ಮಗಳಿಗೆ ಕೇಳುವ ಹಾಗೆ. "ನಿಧಾನ್ಕೆ ಕುಡೀರಿ."

ಹಾಲು ಆಗಲೇ ಆರಿಹೋಗಿತ್ತು. ಕುಡಿದೆ.